ಪ್ರೋಟೀನ್ ಒಂಟಿಯಾಗಿ ಬರುವುದಿಲ್ಲ

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಶಿರಸಿಯಿಂದ ಭಾವನ ಫೋನು ಬಂತು. ರಕ್ತ ಪರೀಕ್ಷೆಯಲ್ಲಿ ಕೊಬ್ಬಿನ ಅಂಶ ಗೆರೆ ದಾಟಿದೆ. ಎಣ್ಣೆ ತುಪ್ಪ ಇಳಿಸಿ, ಪ್ರೋಟೀನ್ ಏರಿಸಿ, ಸಂಜೆಯ ಬಜ್ಜಿಗೆ ಕೈಮುಗಿಯಿರಿ ಎಂದು ವೈದ್ಯರು ಹೇಳಿ ಕಳುಹಿಸಿದ್ದಾರೆ. ಭಾವ ಹೇಳಿದ ಮಾತು ಕೇಳುವ ಮನುಷ್ಯ. ಬಜ್ಜಿ ಬಿಟ್ಟಿದ್ದಾರೆ.

"ಈಗ ಸಂಜೆಗೆ ಒಂದು ಬಟ್ಟಲು ಹುರಿದ ಶೇಂಗಾ ಮಾರಾಯ, ಅಷ್ಟೇ. ಅದರಲ್ಲಿ ಪ್ರೋಟೀನ್ ಭರ್ತಿ ಇದೆಯಂತಲ್ಲ?"

"ಇದೆ ಭಾವ. ಅದರ ಜೊತೆಗೆ ಯಾರು ಯಾರು ಬಂದಿದ್ದಾರೆ ಎಂದು ನೋಡಿದಿರಾ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಕೇಳಿಸಿತು.

ಮದುವೆಗೆ ಒಬ್ಬರನ್ನು ಕರೆದರೆ ಮನೆಮಂದಿಯೆಲ್ಲ ಬರುತ್ತಾರಲ್ಲ, ಪ್ರೋಟೀನ್ ಕೂಡ ಹಾಗೆಯೇ. ತಿನ್ನುವ ಯಾವ ಪದಾರ್ಥದಲ್ಲೂ ಅದು ಒಂಟಿಯಾಗಿ ಇರುವುದಿಲ್ಲ. ಅದರ ಸಂಗಡಿಗರು ಮುಖ್ಯವಾಗಿ ಮೂವರು: ಎಣ್ಣೆ, ಪಿಷ್ಟ, ನೀರು. ಶೇಂಗಾ, ಗೇರುಬೀಜ, ಬಾದಾಮಿಗಳಲ್ಲಿ ಎಣ್ಣೆ ಜೊತೆಗಿರುತ್ತದೆ. ಹೆಸರು, ಹುರುಳಿ, ಕಡಲೆಗಳಲ್ಲಿ ಪಿಷ್ಟ. ಮೀನು, ಮೊಟ್ಟೆಯ ಬಿಳಿ, ಮಜ್ಜಿಗೆಗಳಲ್ಲಿ ನೀರು. ಕೊಬ್ಬು ಕಡಿಮೆ ಇರುವ, ಪ್ರೋಟೀನ್ ಚೆನ್ನಾಗಿರುವ ತಿಂಡಿ ಬೇಕೆಂದರೆ "ಇದರಲ್ಲಿ ಪ್ರೋಟೀನ್ ಎಷ್ಟು" ಎಂಬ ಪ್ರಶ್ನೆ ಅರ್ಧ ಮಾತ್ರ. ಉಳಿದರ್ಧ, ಸಂಗಡಿಗ ಯಾರು ಎಂಬುದು.

ಲೆಕ್ಕ ಸುಲಭವಿದೆ. ಒಂದು ಗ್ರಾಂ ಪ್ರೋಟೀನ್ ನಮಗೆ 4 ಕ್ಯಾಲೊರಿ ಕೊಡುತ್ತದೆ, ಒಂದು ಗ್ರಾಂ ಪಿಷ್ಟವೂ 4, ಒಂದು ಗ್ರಾಂ ಕೊಬ್ಬು 9. ನೀರಿನದು ಸೊನ್ನೆ. 100 ಗ್ರಾಂ ಶೇಂಗಾದಲ್ಲಿ ಪ್ರೋಟೀನ್ 25 ಗ್ರಾಂ ಆಸುಪಾಸು. ಕೊಬ್ಬು ತಳಿಗೆ ತಕ್ಕಂತೆ 40ರಿಂದ 49 ಗ್ರಾಂ. ಅಂದರೆ ಭಾವನ ಬಟ್ಟಲಿನಲ್ಲಿ 100 ಗ್ರಾಂ ಇದೆಯೆಂದರೆ, ಅದರಿಂದ ಬರುವ ಸುಮಾರು 550 ಕ್ಯಾಲೊರಿಯಲ್ಲಿ ಪ್ರೋಟೀನ್‌ನ ಪಾಲು ಬರೀ 100. ಅದರ ಮೂರು ನಾಲ್ಕು ಪಟ್ಟು ಎಣ್ಣೆಯ ಪಾಲು. ಶೇಂಗಾವನ್ನು ಗಾಣಕ್ಕೆ ಹಾಕಿ ಎಣ್ಣೆ ತೆಗೆಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಅದನ್ನೇ ಬಟ್ಟಲಿಗೆ ಹಾಕಿಕೊಂಡು ಕುಳಿತಾಗ ಮಾತ್ರ ಆ ನೆನಪು ಹಾರಿಹೋಗುತ್ತದೆ. ಬಜ್ಜಿ ಬಿಟ್ಟು ಶೇಂಗಾ ಹಿಡಿದ ಭಾವ, ಎಣ್ಣೆಯ ಅಂಗಡಿ ಬಿಟ್ಟು ಎಣ್ಣೆಯ ಗಾಣಕ್ಕೆ ಹೋದ ಹಾಗಾಗಿತ್ತು.

ಶೇಂಗಾವೂ ಹುಟ್ಟಿನಿಂದ ದ್ವಿದಳ ಧಾನ್ಯದ ಕುಲದ್ದೇ, ಹೆಸರು ಹುರುಳಿಗಳ ದಾಯಾದಿ. ಹಾಗಿದ್ದೂ ಈ ವ್ಯತ್ಯಾಸ ಏಕೆ? ಬೀಜ ಎಂದರೆ ಮೊಳಕೆಯೊಡೆಯುವ ಮರಿಗಿಡಕ್ಕೆ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ. ಎಲೆ ಬಂದು ಬಿಸಿಲಿನಲ್ಲಿ ತಾನೇ ಅಡುಗೆ ಮಾಡಿಕೊಳ್ಳುವ ತನಕ ಮರಿಗಿಡ ಈ ಬುತ್ತಿಯನ್ನೇ ತಿನ್ನಬೇಕು. ಕೆಲವು ಗಿಡಗಳು ಬುತ್ತಿಯನ್ನು ಎಣ್ಣೆಯ ರೂಪದಲ್ಲಿ ಕಟ್ಟುತ್ತವೆ, ಕೆಲವು ಪಿಷ್ಟದ ರೂಪದಲ್ಲಿ. ಮರಿಗಿಡದ ಮೈ ಕಟ್ಟುವ ಸಾಮಗ್ರಿಯಾದ ಪ್ರೋಟೀನ್ ಮಾತ್ರ ಎರಡರಲ್ಲೂ ಇರಲೇಬೇಕು. ಹಾಗಾಗಿಯೇ ಹುರುಳಿಯಲ್ಲೂ ಶೇಂಗಾದಲ್ಲೂ ಪ್ರೋಟೀನ್ ಹೆಚ್ಚುಕಡಿಮೆ ಒಂದೇ, 22ರಿಂದ 25 ಗ್ರಾಂ. ಆದರೆ ಹುರುಳಿಯಲ್ಲಿ ಕೊಬ್ಬು 100 ಗ್ರಾಂಗೆ ಒಂದು ಗ್ರಾಂ ಕೂಡ ಇಲ್ಲ.

ಹುರುಳಿಯ ಮಾತು ಬಂದಾಗ ಒಂದು ಅಡ್ಡಮಾತು. ಘಟ್ಟದ ಮೇಲಿನ ಮನೆಗಳಲ್ಲಿ ಹುರುಳಿ ಬೇಯಿಸಿ, ಕಟ್ಟನ್ನು ಬಸಿದು ಸಾರು ಮಾಡಿ, ಬೆಂದ ಕಾಳನ್ನು ದನಕರುಗಳಿಗೆ ಹಾಕುವ ರೂಢಿಯಿತ್ತು. ಕಟ್ಟಿನ ಸಾರಿನ ರುಚಿಗೆ ನಾನೂ ಸೋತವನೇ. ಆದರೆ ಕಾಳಿನ ಪ್ರೋಟೀನ್‌ನ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ನೀರಿಗೆ ಇಳಿಯುವುದು ಅದರ ಸಣ್ಣ ಪಾಲು. ಪ್ರೋಟೀನ್ ಕೊಟ್ಟಿಗೆಗೆ, ಪರಿಮಳ ಅಡುಗೆಮನೆಗೆ! ಎತ್ತುಗಳು ಗಟ್ಟಿಮುಟ್ಟಾಗಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ಚೌತಿಯ ದಿನಗಳಲ್ಲಿ ಮಾಡುವ ಉಸಲಿಯಲ್ಲಾದರೆ ಕಾಳು ನಮ್ಮ ಎಲೆಗೇ ಬೀಳುತ್ತದೆ.

ಈಗ ಸಂಜೆ ಚಹಾದ ಜೊತೆಗೆ ಏನು ಎಂಬ ಪ್ರಶ್ನೆ. ನನ್ನ ಮೊದಲ ಮತ ಪುಟಾಣಿಗೆ. ಬೆಂಗಳೂರಿನವರು ಹುರಿಗಡಲೆ ಎನ್ನುತ್ತಾರೆ. ಕಡಲೆಯನ್ನು ಕಾದ ಮರಳಿನಲ್ಲಿ ಹುರಿದು, ಸಿಪ್ಪೆ ಬಿಡಿಸಿದ್ದು. ಹನಿ ಎಣ್ಣೆ ಬೇಡ. 100 ಗ್ರಾಂನಲ್ಲಿ ಪ್ರೋಟೀನ್ ಸುಮಾರು 22 ಗ್ರಾಂ, ಕೊಬ್ಬು 5 ಅಥವಾ 6. ನನ್ನ ಒಂದು ಮುಷ್ಟಿ ಪುಟಾಣಿ ಅಡುಗೆಮನೆಯ ತಕ್ಕಡಿಯಲ್ಲಿ 30 ಗ್ರಾಂ ತೂಗುತ್ತದೆ: ಆರೂವರೆ ಗ್ರಾಂ ಪ್ರೋಟೀನ್, ಒಂದೂವರೆ ಗ್ರಾಂ ಕೊಬ್ಬು. ಅಷ್ಟೇ ತೂಕದ ಶೇಂಗಾದಲ್ಲಿ ಪ್ರೋಟೀನ್ ಏಳೂವರೆ, ಕೊಬ್ಬು ಹನ್ನೆರಡರಿಂದ ಹದಿನೈದು. ಕಿಸೆಯಲ್ಲಿ ಹಾಕಿಕೊಂಡು ಕಾರವಾರದಿಂದ ಕುಮಟಾಕ್ಕೆ ಹೋಗಿ, ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಮುಟ್ಟುವವರೆಗೂ ಮೆಲ್ಲಬಹುದು. ಕೆಡುವುದಿಲ್ಲ, ಕೈ ಜಿಡ್ಡಾಗುವುದಿಲ್ಲ. ಅಂಗಡಿಯಲ್ಲಿ ಅದರ ಪಕ್ಕದಲ್ಲೇ ತೂಗುಹಾಕಿರುವ ಕರಿದ ಕಡಲೆಬೇಳೆಯ ಪೊಟ್ಟಣವನ್ನು ಇದರ ತಮ್ಮನೆಂದು ತಿಳಿಯಬೇಡಿ. ಬೇಳೆ ಅದೇ, ಆದರೆ ಅದು ಎಣ್ಣೆಯಲ್ಲಿ ಮಿಂದು ಬಂದದ್ದು.

ಮಂಡಕ್ಕಿಗೋ ಅವಲಕ್ಕಿಗೋ ಪುಟಾಣಿ ಬೆರೆಸುವ ನಮ್ಮ ಹಳೆಯ ಅಭ್ಯಾಸ ಬರೀ ರುಚಿಯದ್ದಲ್ಲ. ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳೆಂಬ ಮಣಿಗಳ ಸರ. ಅವುಗಳಲ್ಲಿ ಒಂಬತ್ತು ಬಗೆಯ ಮಣಿಗಳನ್ನು ನಮ್ಮ ದೇಹ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಬೇಳೆಕಾಳುಗಳಲ್ಲಿ ಲೈಸಿನ್ ಎಂಬ ಮಣಿ ಧಾರಾಳ, ಮಿಥಿಯೋನಿನ್ ಎಂಬುದಕ್ಕೆ ಬರ. ಅಕ್ಕಿಯಲ್ಲಿ ತಲೆಕೆಳಗು. ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದೇ ತುತ್ತಿನಲ್ಲಿ ಸೇರಬೇಕೆಂದೇನೂ ಇಲ್ಲ, ದಿನದ ಊಟದಲ್ಲಿ ಎಲ್ಲೋ ಒಂದು ಕಡೆ ಸೇರಿದರೆ ಸಾಕು. ಮೀನು, ಮೊಟ್ಟೆ, ಹಾಲಿನ ಪ್ರೋಟೀನ್‌ಗೆ ಈ ಜೋಡಿಯ ಹಂಗಿಲ್ಲ.

ಹೆಸರುಕಾಳಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಊರೆಲ್ಲ ಹಬ್ಬಿದೆ: ಮೊಳಕೆ ಬಂದರೆ ಪ್ರೋಟೀನ್ ಇಮ್ಮಡಿಯಾಗುತ್ತದೆ ಎಂದು. ನಾನು ಒಮ್ಮೆ 50 ಗ್ರಾಂ ಕಾಳು ತೂಗಿ ರಾತ್ರಿ ನೆನೆಹಾಕಿದೆ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ. ಮರುದಿನ ಬಿಳಿ ಬಾಲ ಮೂಡಿದ ಕಾಳನ್ನು ತೂಗಿದರೆ 110 ಗ್ರಾಂ ಆಸುಪಾಸು. ಹೆಚ್ಚಾದ 60 ಗ್ರಾಂ ಎಲ್ಲಿಂದ ಬಂತು? ನಲ್ಲಿಯಿಂದ. ಒಣಗಿದ್ದಾಗ ಇದ್ದ 12 ಗ್ರಾಂ ಪ್ರೋಟೀನ್ ಈಗಲೂ ಹೆಚ್ಚುಕಡಿಮೆ ಅಷ್ಟೇ ಇದೆ, ನೀರು ಮಾತ್ರ ಸೇರಿದೆ. ಹಾಗೆಂದು ಮೊಳಕೆ ವ್ಯರ್ಥವಲ್ಲ. ಕಾಳಿನೊಳಗಿನ ಫೈಟಿಕ್ ಆಮ್ಲ ಕಬ್ಬಿಣ, ಸತುವನ್ನು ಬಿಡದೆ ಹಿಡಿದಿಟ್ಟುಕೊಂಡಿರುತ್ತದೆ. ಮೊಳಕೆಯೊಡೆಯುವಾಗ ಆ ಹಿಡಿತ ಸಡಿಲವಾಗುತ್ತದೆ, ಜೀರ್ಣವೂ ಹಗುರವಾಗುತ್ತದೆ. ಲಾಭ ಇದೆ, ಆದರೆ ಜನ ಹೇಳುವ ಲಾಭವಲ್ಲ. ಪುಸ್ತಕದ ಅಂಕಿ ಒಣಕಾಳಿನದೋ ಬೆಂದ ಕಾಳಿನದೋ ಎಂದು ನೋಡದೆ ಹೋಲಿಸಿದರೆ ಯಾರಾದರೂ ದಾರಿ ತಪ್ಪುತ್ತಾರೆ. ಒಣಕಾಳಿನಲ್ಲಿ 24 ಇದ್ದದ್ದು ಬೆಂದ ಮೇಲೆ 100 ಗ್ರಾಂಗೆ ಏಳೆಂಟಕ್ಕೆ ಇಳಿದಿರುತ್ತದೆ. ಕಳೆದುಹೋದದ್ದಲ್ಲ, ನೀರಿನಲ್ಲಿ ಹರಡಿದ್ದು.

ರಾಮನವಮಿಯ ಕೋಸಂಬರಿಗೂ ಇದೇ ಲೆಕ್ಕ. ನೆನೆದ ಹೆಸರುಬೇಳೆ, ಸೌತೆಕಾಯಿ, ಲಿಂಬೆರಸ, ಇಷ್ಟಕ್ಕೇ ನಿಲ್ಲಿಸಿದರೆ ಕೊಬ್ಬು ಇಲ್ಲವೆಂದೇ ಹೇಳಬಹುದಾದ ತಿಂಡಿ. ಆದರೆ ಉತ್ತರ ಕನ್ನಡದಲ್ಲಿ ಯಾವ ಕೈ ಇಷ್ಟಕ್ಕೇ ನಿಂತಿದೆ? ಒಂದು ಹಿಡಿ ಕಾಯಿತುರಿ ಬೀಳುತ್ತದೆ, ಮೇಲೆ ಒಗ್ಗರಣೆ. ಹಸಿ ತೆಂಗಿನಕಾಯಿಯ ಮೂರನೆಯ ಒಂದು ಭಾಗ ಕೊಬ್ಬು. ಪ್ರೋಟೀನ್ 100 ಗ್ರಾಂಗೆ ಮೂರು ಚಿಲ್ಲರೆ ಗ್ರಾಂ ಮಾತ್ರ. ದೊಡ್ಡ ಚಮಚ ಎಣ್ಣೆ ಎಂದರೆ 13-14 ಗ್ರಾಂ ಕೊಬ್ಬು. ಬೇಳೆ ಹೊರಗಿಟ್ಟ ಕೊಬ್ಬನ್ನು ಸೌಟು ಒಳಗೆ ಕರೆದುಕೊಳ್ಳುತ್ತದೆ. ಕಾಯಿ ಬೇಡವೇ ಬೇಡ ಎಂದು ಹೇಳುವ ಧೈರ್ಯ ನನಗಿಲ್ಲ. ಉದುರಿಸುವುದಕ್ಕೂ ಸುರಿಯುವುದಕ್ಕೂ ವ್ಯತ್ಯಾಸವಿದೆ ಎಂದಷ್ಟೇ ಹೇಳುತ್ತೇನೆ.

ಹೆಸರು ನೋಡಿ ಮೋಸಹೋಗುವ ಇನ್ನೊಂದು ಪದಾರ್ಥ ಹಲಸಿನ ಬೇಳೆ. ಮಳೆಗಾಲದಲ್ಲಿ ಕೆಂಡದಲ್ಲಿ ಸುಟ್ಟು ತಿನ್ನುವ ಆ ಬೇಳೆಯಲ್ಲಿ ಕೊಬ್ಬು ನಿಜವಾಗಿಯೂ ಕಡಿಮೆ. ಆದರೆ ಪ್ರೋಟೀನ್ 6-7 ಗ್ರಾಂ, ಉಳಿದದ್ದು ಪಿಷ್ಟ ಮತ್ತು ನೀರು. ಬೇಳೆ ಎಂಬುದು ಅದಕ್ಕೆ ನಾವು ಕೊಟ್ಟ ಹೆಸರು. ಸ್ವಭಾವದಲ್ಲಿ ಅದು ಗೆಣಸಿನ ಕಡೆಗೇ ವಾಲುತ್ತದೆ.

ಇನ್ನು ನೀರಿನ ಜೊತೆಗಾರರು. ಕೊಬ್ಬೂ ಬೇಡ, ಪಿಷ್ಟವೂ ಬೇಡ ಎನ್ನುವವರಿಗೆ ಇಲ್ಲಿಯೇ ನಿಜವಾದ ಸುಗ್ಗಿ. ಕಾರವಾರದ ಮೀನು ಮಾರುಕಟ್ಟೆಯಲ್ಲಿ ಪಾಲು ಹಾಕಿಕೊಂಡು ಕುಳಿತ ಹೆಂಗಸರ ಮುಂದೆ ನಿಂತು ನೋಡಿ. ಶೆಟ್ಲಿಯ, ಅಂದರೆ ಸಿಗಡಿಯ, 100 ಗ್ರಾಂ ಮಾಂಸದಲ್ಲಿ ಪ್ರೋಟೀನ್ 20 ಗ್ರಾಂ, ಕೊಬ್ಬು ಒಂದು ಗ್ರಾಂ ಆಸುಪಾಸು, ಉಳಿದದ್ದೆಲ್ಲ ನೀರು. ಅದರ ಕ್ಯಾಲೊರಿಯಲ್ಲಿ ನೂರಕ್ಕೆ ತೊಂಬತ್ತು ಪ್ರೋಟೀನ್‌ನದೇ. ಪುಟಾಣಿಯಲ್ಲಿ ಈ ಪಾಲು ಸುಮಾರು 24, ಶೇಂಗಾದಲ್ಲಿ 18. ಒಂದು ಎಚ್ಚರಿಕೆ: ಈ ಲೆಕ್ಕ ಸುಲಿದ ಮಾಂಸದ್ದು. ತಲೆ ಸಿಪ್ಪೆ ಸಹಿತ ಅರ್ಧ ಕಿಲೋ ತಂದರೆ ಬಾಣಲೆಗೆ ಬೀಳುವುದು ಅದರ ಅರ್ಧದಷ್ಟು. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಸರಿನಿಂದ ಹೆಕ್ಕುವ ಬಳಚು ಎಂಬ ಚಿಪ್ಪುಮೀನಿನಲ್ಲಂತೂ ಚಿಪ್ಪಿನದೇ ಭಾರ. ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ, ಎಂಬ ಮನ್ನಣೆ ಪಡೆದ ಆ ಅಳಿವೆಯ ಅಂಚಿನ ಊರುಗಳಲ್ಲಿ ಬಳಚು ಬಡವರ ಪ್ರೋಟೀನ್, ಕೊಬ್ಬಿನ ಮಟ್ಟಿಗೆ ಸಿಗಡಿಯ ಸಾಲಿನದ್ದೇ.

ಎಲ್ಲ ಮೀನೂ ಒಂದೇ ಅಲ್ಲ. ನೊಗಲಿ (ಕಾಣೆ), ಸೊರದಂಥ (ಶಾರ್ಕ್) ಮೀನುಗಳ ಮಾಂಸದಲ್ಲಿ ಕೊಬ್ಬು ಕಡಿಮೆ. ಸೊರ ತನ್ನ ಎಣ್ಣೆಯನ್ನು ಯಕೃತ್ತಿನಲ್ಲಿ ಕೂಡಿಡುತ್ತದೆ. ಬಂಗಡೆ, ತಾರ್ಲೆಗಳು ಮಾಂಸದಲ್ಲೇ ಇಟ್ಟುಕೊಳ್ಳುತ್ತವೆ. ದಕ್ಷಿಣ ಕನ್ನಡದವರು ಬೂತಾಯಿ ಎನ್ನುವ ನಮ್ಮ ತಾರ್ಲೆಯಿಂದ ಎಣ್ಣೆ ತೆಗೆದು ಮರದ ದೋಣಿಯ ಹಲಗೆಗೆ ಬಳಿಯುತ್ತಿದ್ದರು ಎಂದ ಮೇಲೆ ಅದರೊಳಗೆ ಎಷ್ಟಿದ್ದೀತು ಎಂದು ಊಹಿಸಿ. ಆ ಎಣ್ಣೆಯೂ ಕಾಲಕ್ಕೆ ತಕ್ಕಂತೆ ಹಲವು ಪಟ್ಟು ಏರಿಳಿಯುತ್ತದೆ. ಬಾಣಲೆಗೆ ಹಾಕಿದ ತಾರ್ಲೆ ತನ್ನ ಎಣ್ಣೆಯಲ್ಲೇ ತಾನು ಹುರಿದುಕೊಳ್ಳುವ ದಿನಗಳೂ ಇವೆ, ಒಣಕಲಾಗಿ ಅಂಟಿಕೊಳ್ಳುವ ದಿನಗಳೂ ಇವೆ. ಈ ಎಣ್ಣೆಯಲ್ಲಿ ಒಮೆಗಾ-3 ಎಂಬ ಒಳ್ಳೆಯ ಜಾತಿಯ ಕೊಬ್ಬು ಧಾರಾಳ. ಹೃದಯಕ್ಕೆ ಹಿತವೆಂದು ವೈದ್ಯರೇ ಬೇಕೆನ್ನುವಂಥದ್ದು. ಆದ್ದರಿಂದ ಕೊಬ್ಬು ಕಡಿಮೆ ಮಾಡುವ ಹಟದಲ್ಲಿ ಬಂಗಡೆಯನ್ನು ಮನೆಯಿಂದ ಹೊರಗೆ ಹಾಕಬೇಡಿ; ಇಲ್ಲಿ ಮಾತು ಸಂಜೆಯ ತಿಂಡಿಯದ್ದಷ್ಟೇ.

ಮೀನಿನ ವಿಷಯದಲ್ಲಿ ನಮ್ಮವರು ಮಾಡುವ ಅನ್ಯಾಯ ರವಾ ಫ್ರೈ. ನನಗೂ ಇಷ್ಟ, ಸುಳ್ಳೇಕೆ. ಆದರೆ ಏನಾಗುತ್ತದೆ ನೋಡಿ. ಬಿಸಿ ಎಣ್ಣೆಗೆ ಬಿದ್ದ ಕೂಡಲೇ ಮೇಲ್ಪದರದ ನೀರು ಹಬೆಯಾಗಿ ಹೊರಡುತ್ತದೆ, ಆ ಚೊರ್ ಎನ್ನುವ ಸದ್ದು ಅದೇ. ನೀರು ಬಿಟ್ಟುಹೋದ ಜಾಗ ಸಣ್ಣ ಸಣ್ಣ ಪೊಳ್ಳಾಗುತ್ತದೆ. ತುಂಡನ್ನು ಹೊರಗೆ ತೆಗೆದು ಆರಲು ಬಿಟ್ಟಾಗ ಒಳಗಿನ ಹಬೆ ತಣಿದು, ಮೈಗೆ ಅಂಟಿದ್ದ ಎಣ್ಣೆಯನ್ನು ಪೊಳ್ಳುಗಳು ಒಳಗೆಳೆದುಕೊಳ್ಳುತ್ತವೆ. ರವೆಯ ಹೊದಿಕೆ ಇದ್ದಷ್ಟೂ ಹೀರುವ ಜಾಗ ಹೆಚ್ಚು. ಒಂದು ಗ್ರಾಂ ಕೊಬ್ಬಿನ ಶೆಟ್ಲಿ ತಟ್ಟೆಗೆ ಬರುವಾಗ ಹತ್ತು ಗ್ರಾಂನದ್ದಾಗಿರುವುದು ಹೀಗೆ.

ಬದಲಿಗೆ ನಾನು ಮಾಡುವುದು ಇಷ್ಟು: ಸುಲಿದು ತೊಳೆದ ಶೆಟ್ಲಿಗೆ ಉಪ್ಪು, ಅರಿಶಿನ, ಜಜ್ಜಿದ ಬೆಳ್ಳುಳ್ಳಿ, ಮೆಣಸಿನಪುಡಿ ಹಚ್ಚಿ, ದಪ್ಪ ತಳದ ಬಾಣಲೆಯಲ್ಲಿ ಹರಡಿ ಮುಚ್ಚುತ್ತೇನೆ. ನೀರು ಹಾಕುವುದಿಲ್ಲ, ಎಣ್ಣೆಯನ್ನೂ ಹಾಕುವುದಿಲ್ಲ. ಅರೆನಿಮಿಷದಲ್ಲಿ ಶೆಟ್ಲಿ ತಾನೇ ನೀರು ಬಿಡುತ್ತದೆ. ಬೂದು ಬಣ್ಣ ಹೋಗಿ ಕೆಂಪಡರಿ, ಮೈ ಬಾಗಿ ಅರ್ಧಚಂದ್ರವಾದಾಗ ಮುಚ್ಚಳ ತೆಗೆದು, ಬಿಟ್ಟ ನೀರು ಆರುವ ತನಕ ಅಲ್ಲಾಡಿಸಬೇಕು. ಪೂರ್ತಿ ಸುರುಳಿ ಸುತ್ತಿಕೊಂಡರೆ ಬೆಂದದ್ದು ಹೆಚ್ಚಾಯಿತೆಂದು ಅರ್ಥ, ರಬ್ಬರಿನಂತಾಗುತ್ತದೆ. ಮೇಲೆ ಲಿಂಬೆ ಹಿಂಡಿ. ಐದು ನಿಮಿಷದ ಕೆಲಸ.

ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಾರವಾರದ ಬೈತಖೋಲ ಬಂದರಿನಲ್ಲಿ ಕಟ್ಟಿಹಾಕಿಕೊಂಡಿರುವಾಗ ಒಣಮೀನು, ಒಣಶೆಟ್ಲಿ ಆಸರೆ. ಬಿಸಿಲು ನೀರನ್ನು ಓಡಿಸಿರುವುದರಿಂದ ಒಣಶೆಟ್ಲಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನೇ. ಆದರೆ ಉಪ್ಪು ಹಾಕಿ ಒಣಗಿಸಿದ ಮೀನಿನಲ್ಲಿ ನೀರಿನ ಜಾಗಕ್ಕೆ ಸಾಣಿಕಟ್ಟೆಯ ಉಪ್ಪು ಬಂದು ಕುಳಿತಿರುತ್ತದೆ; ರಕ್ತದೊತ್ತಡ ಇರುವವರು ದೂರದಿಂದಲೇ ಪರಿಮಳ ತೆಗೆದುಕೊಳ್ಳುವುದು ಒಳ್ಳೆಯದು.

ಮೊಟ್ಟೆಯದು ಎರಡು ಸಾಲಿನ ಕಥೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್, 5 ಗ್ರಾಂ ಕೊಬ್ಬು; ಕೊಬ್ಬೆಲ್ಲ ಹಳದಿಯಲ್ಲಿ, ಪ್ರೋಟೀನ್‌ನ ಅರ್ಧಕ್ಕಿಂತ ಹೆಚ್ಚು ಬಿಳಿಯಲ್ಲಿ.

ಶಿರಸಿಯ ಭಾವನಿಗೆ ಮೀನೂ ಇಲ್ಲ, ಮೊಟ್ಟೆಯೂ ಇಲ್ಲ. ಅವರಿಗೆ ನಾನು ತೋರಿಸಿದ್ದು ಅವರ ಅಡುಗೆಮನೆಯ ಮೂಲೆಯಲ್ಲೇ ಇದ್ದ ಕಡೆಗೋಲನ್ನು. ಹಾಲಿನ ಕೊಬ್ಬು ಸಣ್ಣ ಸಣ್ಣ ಗುಳಿಗೆಗಳಾಗಿ ತೇಲುತ್ತಿರುತ್ತದೆ, ಪ್ರತಿಯೊಂದಕ್ಕೂ ತೆಳುವಾದ ಪೊರೆ. ಮೊಸರನ್ನು ಕಡೆಯುವಾಗ ಪೊರೆ ಹರಿದು ಗುಳಿಗೆಗಳು ಒಂದಕ್ಕೊಂದು ಅಂಟಿ, ಕಡೆಗೆ ಮುದ್ದೆಯಾಗಿ ಮೇಲೆ ಬರುತ್ತವೆ. ಅದೇ ಬೆಣ್ಣೆ. ಪ್ರೋಟೀನ್ ಈ ಗುಳಿಗೆಗಳೊಳಗೆ ಇರುವುದಿಲ್ಲ, ನೀರಿನ ಭಾಗದಲ್ಲಿ ಇರುತ್ತದೆ. ಆದ್ದರಿಂದ ಬೆಣ್ಣೆ ತೆಗೆದ ಮೇಲೂ ಹಾಲಿನ ಪ್ರೋಟೀನ್ ಹೆಚ್ಚುಕಡಿಮೆ ಪೂರ್ತಿ ಮಜ್ಜಿಗೆಯಲ್ಲೇ ಉಳಿಯುತ್ತದೆ, 100 ಮಿಲಿಲೀಟರಿಗೆ ಸುಮಾರು 3 ಗ್ರಾಂ. ಯಾವ ಕಾರ್ಖಾನೆಯೂ ಇಲ್ಲದೆ, ಅಜ್ಜಿಯ ಕಾಲದಿಂದಲೂ ನಮ್ಮ ಮನೆಗಳಲ್ಲಿ ಕೊಬ್ಬು ತೆಗೆದ ಹಾಲು ತಯಾರಾಗುತ್ತಿತ್ತು. ಇದಕ್ಕೆ ಹೋಲಿಸಿದರೆ ಜನ ಪ್ರೋಟೀನ್ ಎಂದು ಮುಗಿಬೀಳುವ ಪನೀರ್‌ನಲ್ಲಿ ಪ್ರೋಟೀನ್‌ನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚೇ, ಕೊಬ್ಬು ಇರುತ್ತದೆ.

ಕೊರತೆ ಒಂದೇ: ನಾವು ಆ ಮಜ್ಜಿಗೆಗೆ ಮೂರು ಪಾಲು ನೀರು ಸುರಿಯುತ್ತೇವೆ. ಆಗ ದೊಡ್ಡ ಲೋಟದಲ್ಲಿ ಸಿಗುವುದು ಒಂದೂವರೆ ಎರಡು ಗ್ರಾಂ. ದಾಹಕ್ಕೆ ಸರಿ, ಪ್ರೋಟೀನ್‌ಗೆ ಸಾಲದು. ನೀರು ಬೆರೆಸದೆ ಕುಡಿಯಬೇಕು, ಇಲ್ಲವೇ ಮಜ್ಜಿಗೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನಾಲ್ಕೈದು ಗಂಟೆ ತೂಗುಹಾಕಬೇಕು. ನೀರು ಇಳಿದು ಗಟ್ಟಿಯಾದ ಮುದ್ದೆಗೆ ಉಪ್ಪು, ಹಸಿಮೆಣಸು, ಒಂದೆಲಗದ ಎಲೆ ಕೊಚ್ಚಿ ಸೇರಿಸಿದರೆ ಸೌತೆಕಾಯಿಯ ಹೋಳುಗಳಿಗೆ ಹಚ್ಚಿ ತಿನ್ನಬಹುದು.

ಹತ್ತು ಗ್ರಾಂ ಪ್ರೋಟೀನ್ ಬೇಕೆಂದು ಇಟ್ಟುಕೊಳ್ಳಿ. 40 ಗ್ರಾಂ ಶೇಂಗಾ ತಿಂದರೆ ಜೊತೆಗೆ 16ರಿಂದ 20 ಗ್ರಾಂ ಕೊಬ್ಬು ಬರುತ್ತದೆ, ಒಟ್ಟು 220 ಕ್ಯಾಲೊರಿ. 45 ಗ್ರಾಂ ಪುಟಾಣಿಯಾದರೆ ಕೊಬ್ಬು ಎರಡೂವರೆ ಗ್ರಾಂ, ಕ್ಯಾಲೊರಿ 165. ನೀರು ಬೆರೆಸದ ಮಜ್ಜಿಗೆ ಒಂದೂವರೆ ಲೋಟವಾದರೆ ಕ್ಯಾಲೊರಿ ನೂರಕ್ಕೆ ಸ್ವಲ್ಪ ಮೇಲೆ. ಸುಲಿದ ಶೆಟ್ಲಿ 50 ಗ್ರಾಂ ಆದರೆ 45 ಕ್ಯಾಲೊರಿ, ಕೊಬ್ಬು ಅರ್ಧ ಗ್ರಾಂ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದಂತೆ ವಯಸ್ಕರಿಗೆ ದಿನಕ್ಕೆ ದೇಹದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಗುವವರಿಗೆ 50 ಗ್ರಾಂ. ಅದರಲ್ಲಿ ಹತ್ತನ್ನು ತಿಂಡಿ ಹೊತ್ತುಕೊಂಡರೆ ಅದರ ಕೆಲಸ ಮುಗಿಯಿತು, ಉಳಿದದ್ದು ಊಟದ ಜವಾಬ್ದಾರಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನ್ ಏರಿಸುವ ಮೊದಲು ತಮ್ಮ ವೈದ್ಯರನ್ನು ಕೇಳಲೇಬೇಕು.

ಪೊಟ್ಟಣದ ತಿಂಡಿ ಕೊಳ್ಳುವವರಿಗೆ ಒಂದು ಮಾತು. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದ ಪ್ರಕಾರ "ಕಡಿಮೆ ಕೊಬ್ಬು" ಎಂದು ಬರೆಯಬೇಕಾದರೆ ಗಟ್ಟಿ ಪದಾರ್ಥದ 100 ಗ್ರಾಂನಲ್ಲಿ ಕೊಬ್ಬು 3 ಗ್ರಾಂ ಮೀರುವಂತಿಲ್ಲ. "ಹೆಚ್ಚು ಪ್ರೋಟೀನ್" ಎನ್ನಲು ದಿನದ ಅಗತ್ಯದ ಐದನೆಯ ಒಂದು ಭಾಗ, ಅಂದರೆ 11 ಗ್ರಾಂ ಆಸುಪಾಸು, ಇದ್ದರೆ ಸಾಕು. ಈ ಅಳತೆಯಲ್ಲಿ ಎಣ್ಣೆ ತುಂಬಿದ ಶೇಂಗಾ "ಹೆಚ್ಚು ಪ್ರೋಟೀನ್" ಎಂಬ ಬಿರುದಿಗೆ ಸುಖವಾಗಿ ಅರ್ಹ, ಗೋಧಿಹಿಟ್ಟೂ ಆ ಗೆರೆಯ ಹತ್ತಿರ ಬಂದು ನಿಲ್ಲುತ್ತದೆ. ನಮ್ಮ ಬಡಪಾಯಿ ಪುಟಾಣಿಗೆ "ಕಡಿಮೆ ಕೊಬ್ಬು" ಎಂಬ ಬಿರುದು ಮಾತ್ರ ಸಿಗದು, ಎರಡು ಮೂರು ಗ್ರಾಂ ಹೆಚ್ಚಾಯಿತಲ್ಲ! ಮುಂಭಾಗದ ದಪ್ಪ ಅಕ್ಷರ ಬಿಟ್ಟು ಹಿಂಭಾಗದ ಸಣ್ಣ ಪಟ್ಟಿ ನೋಡಿ. ಪ್ರೋಟೀನ್‌ನ ಅಂಕಿಗಿಂತ ಕೊಬ್ಬಿನ ಅಂಕಿ ದೊಡ್ಡದಿದ್ದರೆ ಅದು ಎಣ್ಣೆಯ ಮನೆಯದ್ದು. ಸೋಯಾ ತುಣುಕುಗಳಲ್ಲಿ 50 ಗ್ರಾಂ ಮೇಲೆ ಪ್ರೋಟೀನ್, ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ ಕಾಣುತ್ತದೆ. ಸೋಯಾ ಅವರೆಯಲ್ಲಿ 20 ಗ್ರಾಂ ಎಣ್ಣೆ ಇತ್ತು, ಕಾರ್ಖಾನೆಯಲ್ಲಿ ತೆಗೆದರು. ಸ್ವಭಾವದಿಂದ ಬಂದ ತೆಳ್ಳಗಿನ ಮೈ ಅಲ್ಲ, ಆದರೂ ತಿನ್ನಲು ಅಡ್ಡಿಯಿಲ್ಲ.

ದೀಪಾವಳಿಗೆ ಶಿರಸಿಗೆ ಹೋದಾಗ ಭಾವ ಜಗುಲಿಯಲ್ಲಿ ಕುಳಿತಿದ್ದರು. ಒಂದು ಕೈಯಲ್ಲಿ ಪುಟಾಣಿಯ ಬಟ್ಟಲು, ಇನ್ನೊಂದರಲ್ಲಿ ಲೋಟ.

"ಈಗ ದಿನಾ ಎರಡು ಲೋಟ ದಪ್ಪ ಮಜ್ಜಿಗೆ ಮಾರಾಯ. ನಿನ್ನ ಅಕ್ಕ ದಿನವೂ ಕಡೆಯುತ್ತಾಳೆ."

"ಒಳ್ಳೆಯದಾಯಿತು ಭಾವ. ಮತ್ತೆ ಬೆಣ್ಣೆ?"

ಭಾವ ಅಡುಗೆಮನೆಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು. "ಬೆಳಗಿನ ದೋಸೆಗೆ."